ಮುರುಡೇಶ್ವರದ ಶಿವ ಚಂದ್ರನ ಮೇಲೆ ಕುಳಿತರೆ

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಲ್ಲಿ ಮೂರು ಕಡೆ ಸಮುದ್ರ, ನಡುವೆ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಕುಳಿತ ಶಿವ. ಶಿವಮೊಗ್ಗದ ಶಿಲ್ಪಿ ಕಾಶಿನಾಥ್ ಮತ್ತು ಸಂಗಡಿಗರ ಕೆಲಸ. ವೈಜ್ಞಾನಿಕ ಕಥೆಗಳಲ್ಲಿ ಬೇರೆ ಲೋಕದ ಮಹಾಮೂರ್ತಿಗಳು ಎದುರಾದಾಗಲೆಲ್ಲ ನನಗೆ ಇವನದೇ ನೆನಪು. ಇವನನ್ನೇ ಅಲ್ಲಿ ಕೂರಿಸಿದರೆ ಎಷ್ಟು ಎತ್ತರಕ್ಕೆ ಬೆಳೆಸಬಹುದು?

ಈ ಲೆಕ್ಕಕ್ಕೆ 1638ರಲ್ಲೇ ದಾರಿ ತೋರಿದವನು ಗೆಲಿಲಿಯೊ. ಮೂರ್ತಿಯ ಎತ್ತರ ಇಮ್ಮಡಿಯಾದರೆ ಭಾರ ಎಂಟು ಪಟ್ಟಾಗುತ್ತದೆ; ಅದನ್ನು ಹೊರುವ ಬುಡದ ವಿಸ್ತಾರ ಮಾತ್ರ ನಾಲ್ಕೇ ಪಟ್ಟು. ಒತ್ತಡ ಎರಡು ಪಟ್ಟು ಏರುತ್ತದೆ. ಎತ್ತಿದ ಕೈಯನ್ನು ಹಿಡಿದಿರುವ ಭುಜಕ್ಕೂ ಇದೇ ಕಷ್ಟ. ಮೂರ್ತಿ ಎಷ್ಟು ಬೆಳೆಯಬಹುದು ಎಂಬುದು ನೆಲದ ಸೆಳೆತದ ಕೈಯಲ್ಲಿದೆ.

ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಪಾಲು. ಹಾಗಾಗಿ ಅದೇ ಕಾಂಕ್ರೀಟು, ಅದೇ ಒತ್ತಡದಲ್ಲಿ, ಅಲ್ಲಿ 738 ಅಡಿಯ ಶಿವನನ್ನು ಹೊರಬಲ್ಲದು. ಸಾಮಗ್ರಿ ಬೇಕಾದದ್ದು 216 ಪಟ್ಟು! ಕುಮಟಾ ತಾಲ್ಲೂಕಿನ ಯಾಣದಲ್ಲಿ ಕತ್ತೆತ್ತಿ ನೋಡುವ ಭೈರವೇಶ್ವರ ಶಿಖರ 120 ಮೀಟರ್. ಅದು ಈ ಶಿವನ ಎದೆಯ ಮಟ್ಟಕ್ಕೆ ಬಂದೀತು. ಮಳೆಯಿಲ್ಲ, ಗಾಳಿಯಿಲ್ಲ, ಉಪ್ಪುನೀರಿನ ಕಾಟವಿಲ್ಲ.

ಮಂಗಳನ ಮೇಲೆ ಸುಮಾರು 320 ಅಡಿ, ಅಷ್ಟೇ. ಆದರೆ ಅದರ ಪುಟ್ಟ ಚಂದ್ರ ಫೋಬೋಸ್‌ಗೆ ಹೋಗಿ. ಅಲ್ಲಿನ ಸೆಳೆತ ನಮ್ಮದರ ಸುಮಾರು 1,700ನೇ ಒಂದು ಪಾಲು. ಲೆಕ್ಕ ಕೊಡುವ ಎತ್ತರ 60 ಕಿಲೋಮೀಟರಿಗೂ ಹೆಚ್ಚು! ಆ ಮೂರ್ತಿಯನ್ನು ನಮ್ಮ ಕರಾವಳಿಯಲ್ಲಿ ಮಲಗಿಸಿದರೆ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೂ ಚಾಚಿಕೊಳ್ಳುತ್ತದೆ. ಫೋಬೋಸ್‌ನ ಅತಿ ಉದ್ದದ ಅಳತೆಯೇ 27 ಕಿಲೋಮೀಟರ್. ಕೂರುವ ಮೂರ್ತಿಗಿಂತ ಪೀಠವೇ ಚಿಕ್ಕದು. ಅಲ್ಲಿ ಶಿಲ್ಪಿ ಇಡೀ ಲೋಕವನ್ನೇ ಕಡೆಯಬೇಕು.

ನಿಜವಾಗಿ ಚಂದ್ರನನ್ನು ಮುಟ್ಟಿದ ಮೊದಲ ಶಿಲ್ಪದ ಉದ್ದ ಎಷ್ಟು ಗೊತ್ತೇ? 8.5 ಸೆಂಟಿಮೀಟರ್. ಬೆಲ್ಜಿಯಂನ ಪಾಲ್ ವಾನ್ ಹೊಯ್ಡಾಂಕ್ ರೂಪಿಸಿದ ಆ ಅಲ್ಯೂಮಿನಿಯಂ ಗಗನಯಾತ್ರಿಯನ್ನು 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಅಲ್ಲಿಟ್ಟು ಬಂದರು. ರಾಕೆಟ್ಟಿನಲ್ಲಿ ಗ್ರಾಮ್ ಗ್ರಾಮಿಗೂ ಲೆಕ್ಕವಿದೆ. ಅಷ್ಟು ಪುಟ್ಟ ಜಾಗದಲ್ಲಿ ಬಳ್ಳಿ, ಹೂವು, ದೇವರು, ಆನೆ ಎಲ್ಲವನ್ನೂ ಮೂಡಿಸುವ ಕೈಗಳು ನಮ್ಮಲ್ಲೇ ಇವೆ: ಹೊನ್ನಾವರ, ಕುಮಟಾ, ಶಿರಸಿ, ಸಾಗರದ ಗುಡಿಗಾರರ ಗಂಧದ ಕೆತ್ತನೆ ತಲೆಮಾರುಗಳಿಂದ ಬಂದ ವಿದ್ಯೆ. ಮುಂದೆ ನಮ್ಮವರು ಚಂದ್ರನ ಮೇಲೆ ಕಾಲಿಡುವಾಗ ಗುಡಿಗಾರರ ಅಂಗೈಯಗಲದ ಒಂದು ಕೆತ್ತನೆಯನ್ನು ಜೊತೆಗೆ ಒಯ್ಯಲಿ.