ಬೈಕುಲ್ಲಾದ ಒಂಟಿ ಒಕ್ಕಲು

ತುಳುನಾಡಿನ ವೀರರಾದ ಕೋಟಿ ಚೆನ್ನಯರ ಪಾಡ್ದನ, ಅಂದರೆ ಅವರ ಕತೆ ಹೇಳುವ ಹಾಡು, ಇಂಗ್ಲಿಷ್ ರೂಪದಲ್ಲಿ ಅಚ್ಚಾದದ್ದು ಮುಂಬಯಿಯಲ್ಲಿ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಎಂಬ ಅಧಿಕಾರಿ ತುಳುನಾಡಿನ ಭೂತಾರಾಧನೆಯ ವಿವರಗಳನ್ನೂ ಪಾಡ್ದನಗಳನ್ನೂ ಕಲೆಹಾಕಿಸಿದ್ದ. ಬಾಸೆಲ್ ಮಿಷನ್ನಿನ ಮ್ಯಾನರ್ ಅನುವಾದಕ್ಕೆ ಕೈಹಚ್ಚಿದ್ದ. 1882ರಲ್ಲಿ ಬರ್ನೆಲ್ ತೀರಿಕೊಂಡ ಮೇಲೆ ಆ ಕಾಗದಗಳು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ 1894ರಿಂದ 1897ರವರೆಗೆ ಕಂತುಕಂತಾಗಿ ಹೊರಬಂದವು. ಪತ್ರಿಕೆಯನ್ನು ಅಚ್ಚು ಹಾಕುತ್ತಿದ್ದದ್ದು ಮುಂಬಯಿಯ ಬೈಕುಲ್ಲಾದ ಎಜುಕೇಷನ್ ಸೊಸೈಟಿ ಪ್ರೆಸ್. ಅದರಲ್ಲಿದ್ದ ಕಲ್ಕುಡ ಕಲ್ಲುರ್ಟಿ ದೈವಗಳ ಕತೆಯ ಮೊಳೆಗಳನ್ನು ಜೋಡಿಸಿದ ಕೈ ಯಾವುದೋ, ತುಳುವನಂತೂ ಆಗಿರಲಿಕ್ಕಿಲ್ಲ. ಆದರೆ ಆ ಹೊತ್ತಿಗಾಗಲೇ ಹಡಗು ಹತ್ತಿ ಬಂದ ತುಳುವರು ಈ ಊರಿನಲ್ಲಿ ದುಡಿಯುತ್ತಿದ್ದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಹುಟ್ಟಿದ್ದು ಅವರ ಬೆವರಿನಿಂದಲೇ.

ಸಂಘಕ್ಕೆ ಸೇರಿದವರ ಕತೆ ಹಾಗಿರಲಿ. ಈ ಅಧ್ಯಾಯ ಯಾವ ಸಂಘದಲ್ಲೂ ಕಾಣಿಸಿಕೊಳ್ಳದವರ ಬಗ್ಗೆ. ಬೈಕುಲ್ಲಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ನರ್ಸ್, ಹೋಟೆಲಿನಲ್ಲಿ ಲೆಕ್ಕ ಬರೆಯುವ ಹುಡುಗ, ನಿವೃತ್ತ ಬ್ಯಾಂಕ್ ಗುಮಾಸ್ತ, ಇಂಥವರು. ಇವರಿಗೆ ಊರಲ್ಲಿ ಕುಟುಂಬದ ದೈವವಿದೆ, ಇಲ್ಲಿ ಗೋಡೆಯ ಮೇಲೊಂದು ಹಲಗೆಯಿದೆ. ಹೀಗೆ ಒಂಟಿಯಾಗಿ ಆರಾಧಿಸುವವರು ಬೇರೆಡೆಯೂ ಇದ್ದಾರೆ. ಪಶ್ಚಿಮದ ದೇಶಗಳಲ್ಲಿ ಕ್ರೈಸ್ತಪೂರ್ವದ ದೇವತೆಗಳನ್ನೂ ಋತುಗಳನ್ನೂ ಪೂಜಿಸುವವರು ತಮ್ಮನ್ನು ಪೇಗನ್ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಗುಂಪಿಗೆ ಸೇರದೆ ಒಬ್ಬರೇ ಆರಾಧಿಸುವವರು ಎಷ್ಟೋ ಮಂದಿ. ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲಿ ಅಂಥವರಿಗೆಂದೇ ಒಂದು ಕೈಪಿಡಿ ಬರೆದ, ಅದು ಬಲು ಜನಪ್ರಿಯವೂ ಆಯಿತು. ಪರಂಪರೆಯಿಂದ ಪಡೆದದ್ದನ್ನು ಯಾರಿಗೆ ಹಿಂದಿರುಗಿಸುವುದು ಎಂಬ ಪ್ರಶ್ನೆ ಬೈಕುಲ್ಲಾದವರಂತೆ ಅವರನ್ನೂ ಕಾಡುತ್ತದೆ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಬೆರಳೆಣಿಕೆಯ ಮಂದಿ ಒಟ್ಟಾಗಿ ಹಳೆಯ ನಾರ್ಸ್ ದೇವತೆಗಳ ಸಂಘ ಕಟ್ಟಿದರು. ಮುಂದಾಳು ಒಬ್ಬ ಕುರಿ ಸಾಕುವ ಕವಿ. ಅವರು ಮುರಿದುಹೋದ ಪರಂಪರೆಯನ್ನು ಪುಸ್ತಕಗಳಿಂದ ಹೆಕ್ಕಿ ತೆಗೆಯಬೇಕಿತ್ತು. ಬೈಕುಲ್ಲಾದ ತುಳುವನ ಪರಂಪರೆ ಒಂದು ರಾತ್ರಿಯ ರೈಲಿನಾಚೆ ಜೀವಂತವಾಗಿದೆ. ಹಾಗಾಗಿ ಅವನ ಸಾಲವೂ ಜೀವಂತ ಮನುಷ್ಯರಿಗೇ ಸಲ್ಲಬೇಕಾದದ್ದು.

ದೈವ ಎಲ್ಲೆಂದರಲ್ಲಿ ಇರುವುದಲ್ಲ. ಅದಕ್ಕೊಂದು ಗುತ್ತು, ಒಂದು ಬೀಡು, ಒಂದು ಮಾಗಣೆ, ದಾಟಬಾರದ ಗಡಿ ಇರುತ್ತದೆ. ನೇಮದ, ಅಂದರೆ ದೈವ ಮೈದುಂಬಿ ಕುಣಿಯುವ ಆರಾಧನೆಯ, ದಿನ ದೈವ ಮನೆತನಗಳನ್ನು ಹೆಸರು ಹಿಡಿದು ಕ್ರಮವಾಗಿ ಕರೆಯುತ್ತದೆ, ನುಡಿ ಕೊಡುತ್ತದೆ. ಇಂಥ ಒಂದು ಕೋಲ ನಡೆಯಬೇಕಾದರೆ ಗಡಿ ಪಟ್ಟ ಹಿಡಿದ ಯಜಮಾನರು ಬೇಕು, ದರ್ಶನ ಪಾತ್ರಿ ಬೇಕು, ದೀವಟಿಗೆ ಹಿಡಿಯುವ ಮಡಿವಾಳರು ಬೇಕು, ವಾದ್ಯದವರು ಬೇಕು, ತೆಂಬರೆ ಬಡಿದು ಪಾಡ್ದನ ಹಾಡುವ ಹೆಂಗಸು ಬೇಕು, ಕಾಲಿಗೆ ಗಗ್ಗರ ಕಟ್ಟಿ ದೈವವಾಗಿ ಕುಣಿಯುವ ಪಂಬದರೋ ಪರವರೋ ನಲಿಕೆಯವರೋ ಬೇಕು. ಇಷ್ಟು ಮಂದಿಯನ್ನು ಒಬ್ಬನೇ ತುಂಬಲಾರ. ಮುಂಬಯಿಯಲ್ಲೇ ಗುಡಿ ಕಟ್ಟಿ ಕೋಲ ಕೊಡಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ದೈವವನ್ನು ಅದರ ಮಣ್ಣಿನಿಂದ ಕಿತ್ತು ತರುವುದು ಸಲ್ಲ ಎಂದು ಊರಿನ ಹಿರಿಯರು ತಕರಾರು ತೆಗೆಯುತ್ತಾರೆ. ನನ್ನ ಮತವೂ ಹಿರಿಯರ ಕಡೆಗೇ.

ಹಾಗಿದ್ದರೂ ಕೋಣೆಯೊಳಗೆ ಮಾಡಬಹುದಾದದ್ದು ಕಡಿಮೆಯೇನಲ್ಲ. ದೈವಕ್ಕೆ ಎಡೆಯಿಡುವ ತಂಬಿಲದ ಸಣ್ಣ ರೂಪ ಒಂದಿದೆ. ಬಾಳೆ ಎಲೆಯ ತುದಿಯೊಂದನ್ನು ಹರಡಿ, ಅವಲಕ್ಕಿ, ಹೊದಳು, ಬೆಲ್ಲ, ತೆಂಗಿನಕಾಯಿಯ ಹೋಳು, ಪಕ್ಕಕ್ಕೆ ಒಂದು ಬೊಂಡ, ಸಿಕ್ಕರೆ ಹಿಂಗಾರದ ಒಂದು ಎಸಳು, ಮುಂದೆ ಎಣ್ಣೆಯ ದೀಪ. ಕಳೆದದ್ದನ್ನು ದೊರಕಿಸುವ ದೈವವೆಂದು ನಂಬಿರುವ ಕೊರಗಜ್ಜನಿಗೆ ಹರಕೆ ಹೊತ್ತವರ ಎಲೆ ಬೇರೆ: ಚಕ್ಕುಲಿ, ವೀಳ್ಯ, ಒಂದು ಕುಡ್ತೆ ಸಾರಾಯಿ. ಕಳೆದ ಪರ್ಸು ಸಿಕ್ಕಿದ್ದಕ್ಕೆ ಬಾಲ್ಕನಿಯಲ್ಲಿ ಚಕ್ಕುಲಿ ಇಟ್ಟವರನ್ನು ಕಂಡು ಪಕ್ಕದ ಮನೆಯವರು ಕಾಗೆಗೆಂದು ತಿಳಿದುಕೊಳ್ಳುತ್ತಾರೆ, ತಿಳಿದುಕೊಳ್ಳಲಿ. ಬೈಕುಲ್ಲಾದವರಿಗೆ ಊರದೇವರೆಂದರೆ ಹೊಸದೇನಲ್ಲ, ಪೂರ್ವ ಭಾಗದ ಘೋಡಪ್‌ದೇವ್ ಬಡಾವಣೆ ದೇವರ ಹೆಸರನ್ನೇ ಹೊತ್ತಿದೆ.

ತುಳುವರ ಪಂಚಾಂಗವನ್ನೂ ಒಬ್ಬರೇ ನಡೆಸಬಹುದು. ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಬರುವ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ಮಣ್ಣು ಅಗೆಯುವುದಿಲ್ಲ, ಮರ ಕಡಿಯುವುದಿಲ್ಲ. ಹುರಿದ ಧಾನ್ಯದ ನನ್ನೆರಿ ಮಾಡಿ ತಿನ್ನುತ್ತಾರೆ. ಕೊನೆಗೆ ಅವಳ ಮೀಯುವಿಕೆಗೆಂದು ಎಣ್ಣೆ, ಸೀಗೆ, ಅರಿಸಿನ, ಕುಂಕುಮ ನೆಲಕ್ಕೆ ಅರ್ಪಣೆ. ಕುಂಡದ ತುಳಸಿಯ ಬುಡದ ಮಣ್ಣಾದರೂ ಸಾಕು, ಕುಂಡವನ್ನು ಆ ಮೂರು ದಿನ ಕೆದಕದಿದ್ದರೆ ಆಯಿತು. ದೀಪಾವಳಿಯ ರಾತ್ರಿ ಗದ್ದೆಯ ಅಂಚಿನಲ್ಲಿ ದೀಪವಿಟ್ಟು ಬಲೀಂದ್ರನನ್ನು 'ಕೂ' ಎಂದು ಕರೆಯುವ ಕ್ರಮವಿದೆ. ಅದನ್ನು ಕಿಟಕಿಯಿಂದ ಕರೆದರೆ ಪಟಾಕಿಯ ಗದ್ದಲದಲ್ಲಿ ಯಾರಿಗೂ ಕೇಳಿಸದು. ಆಟಿ ಅಮಾವಾಸ್ಯೆಗೆ ಮಾತ್ರ ಎಚ್ಚರಿಕೆ ಬೇಕು. ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುವುದು ವಾಡಿಕೆ. ಹಾಲೆ ಮುಂಬಯಿಯ ರಸ್ತೆಬದಿಯಲ್ಲೂ ಧಾರಾಳವಾಗಿದೆ, ಇಲ್ಲಿ ಅದನ್ನು ಸಪ್ತಪರ್ಣಿ ಎನ್ನುತ್ತಾರೆ. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆ ತಂದು ಜೀವ ಕಳೆದುಕೊಂಡವರು ಊರಲ್ಲೇ ಇದ್ದಾರೆ. ಮರದ ಗುರುತು ಗಟ್ಟಿಯಾಗಿ ಗೊತ್ತಿಲ್ಲದವರು ಅಂದಿನ ಇನ್ನೊಂದು ಪದ್ಧತಿಯಾದ ಮೆಂತೆ ಗಂಜಿ ಕುಡಿದು ಸುಮ್ಮನಿರುವುದು ಲೇಸು.

ಇದಿಷ್ಟು ಉಳಿಸಿಕೊಳ್ಳುವ ಮಾತು. ಹಿಂದಿರುಗಿಸುವ ಮಾತು ಬಂದಾಗ ಮುಂಬಯಿಯವನ ಕೈ ಮೊದಲು ಹೋಗುವುದು ಜೇಬಿಗೆ. ಕರಾವಳಿಯ ಯಾವ ದೈವಸ್ಥಾನಕ್ಕೆ ಹೋದರೂ ಗೋಡೆಗೆ ಅಂಟಿಸಿದ ಅಮೃತಶಿಲೆಯ ಹಲಗೆಯಲ್ಲಿ ಹೆಸರು, ಮುಂದೆ 'ಮುಂಬಯಿ' ಎಂದು ಕಾಣಿಸುತ್ತದೆ. ಆ ಹಣದಿಂದ ಗುಡಿಗಳು ಎದ್ದಿವೆ, ನಿಂತುಹೋದ ನೇಮಗಳು ಮತ್ತೆ ಶುರುವಾಗಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಹಣ ನಾಗಬನಗಳ ಪಾಲಿಗೆ ಕಂಟಕವೂ ಆಯಿತು. ಬನವೆಂದರೆ ಸುರಗಿ, ರೆಂಜ, ನಾಗಸಂಪಿಗೆ, ಬಳ್ಳಿ, ಹುತ್ತ, ಬಿದ್ದ ಎಲೆಯ ಮೆತ್ತೆ, ನಡುವೆ ಒಂದೆರಡು ನಾಗನ ಕಲ್ಲು. ವರ್ಷದಲ್ಲಿ ತಂಬಿಲದ ದಿನ ಬಿಟ್ಟರೆ ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ, ಹಾಗಾಗಿಯೇ ಕಾಡು ಉಳಿದಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಮರಗಳು ಹೋದವು, ಇಂಟರ್‌ಲಾಕ್ ಹಾಸು ಬಂತು, ಗ್ರಾನೈಟ್ ಕಟ್ಟೆ ಬಂತು, ಸ್ಟೀಲಿನ ಬೇಲಿ ಬಂತು. ಹಾವು ಇರಲು ಜಾಗವಿಲ್ಲದ ನಾಗಬನಕ್ಕೆ ಹಾಲೆರೆಯುವ ಸ್ಥಿತಿ ಬಂದೊದಗಿದೆ.

ಜೀರ್ಣೋದ್ಧಾರ ಬೇರೆ ಬಗೆಯಲ್ಲೂ ಆಗಬಹುದೆಂದು ಬೈಕುಲ್ಲಾದವನಿಗೆ ವಿವರಿಸಲು ದೂರ ಹೋಗಬೇಕಿಲ್ಲ. ದಿನವೂ ಹತ್ತಿಳಿಯುವ ಅವನ ಸ್ಟೇಷನ್ ಕಟ್ಟಡ ದೇಶದ ಅತಿ ಹಳೆಯ ರೈಲ್ವೆ ಕಟ್ಟಡಗಳಲ್ಲೊಂದು. ಅದರ ಮೇಲೆ ಕಾಲಕಾಲಕ್ಕೆ ಮೆತ್ತಿಕೊಂಡಿದ್ದನ್ನೆಲ್ಲ ಬಿಡಿಸಿ ಮೂಲದ ಕಲ್ಲು, ಮರದ ಕೆಲಸವನ್ನು ಮತ್ತೆ ಕಾಣುವಂತೆ ಮಾಡಿದರು. 2022ರಲ್ಲಿ ಆ ಕೆಲಸಕ್ಕೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿಯೂ ಬಂತು. ಹಳೆಯದನ್ನು ಹಳೆಯದಾಗಿಯೇ ಇಡಲು ಸಹ ದುಡ್ಡು ಬೇಕು, ಅಂಥ ದುಡ್ಡು ಕೊಡುವವರು ಊರಿನ ಬನಗಳಿಗೆ ಸಿಕ್ಕಿದ್ದು ಕಡಿಮೆ. 'ನನ್ನ ವಂತಿಗೆ ಇದೆ, ಒಂದು ಮರವನ್ನೂ ಮುಟ್ಟಬಾರದು' ಎಂದು ಷರತ್ತು ಹಾಕಿ ಕಳಿಸುವ ಒಬ್ಬ ಮುಂಬಯಿಯವನು ಸಮಿತಿಯ ಸಭೆಯಲ್ಲಿ ತುಸು ಕಿರಿಕಿರಿ ಹುಟ್ಟಿಸುತ್ತಾನೆ. ಆ ಕಿರಿಕಿರಿಯಿಂದ ಒಂದು ಸುರಗಿ ಮರ ಉಳಿದರೆ ಹಲಗೆಯ ಮೇಲೆ ಹೆಸರು ಬಾರದಿದ್ದರೂ ನಷ್ಟವಿಲ್ಲ. ಮರ ಉಳಿಸುವುದರ ಜೊತೆಗೆ ನೆಡುವುದೂ ಇದೆ. ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿ ನಾಟಿ ವೈದ್ಯೆ. ಅವಳ ನೆನಪಿಗೆ ಪುತ್ತೂರು ತಾಲ್ಲೂಕಿನ ಪಡುಮಲೆಯ ಬಳಿ ಅರಣ್ಯ ಇಲಾಖೆ ಒಂದು ಔಷಧಿವನ ಮಾಡಿದೆ. ಗಿಡ ನೆಡಿಸುವ ಹರಕೆಗೂ ನಮ್ಮಲ್ಲಿ ಆಧಾರವಿದೆ ಎನ್ನಲು ಅದು ಸಾಕು.

ಇನ್ನು ಗಗ್ಗರ ಕಟ್ಟುವವರ ಮಾತು. ಪಂಬದ, ಪರವ, ನಲಿಕೆ ಪರಿಶಿಷ್ಟ ಜಾತಿಯ ಸಮುದಾಯಗಳು. ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಹಿಡಿದಲ್ಲಿಂದ ವ್ರತ, ಮುಖಕ್ಕೆ ಅರದಳದ ಹಳದಿ, ಬೆನ್ನಿಗೆ ಆಳೆತ್ತರದ ಅಣಿ, ಸೊಂಟಕ್ಕೆ ತೆಂಗಿನ ಸಿರಿ, ಇಡೀ ರಾತ್ರಿ ಕುಣಿತ, ಕೆಲವು ದೈವಗಳಿಗೆ ಕೆಂಡ. ಅರದಳವೆಂದರೆ ಆರ್ಸೆನಿಕ್ ಇರುವ ಖನಿಜ, ಅದನ್ನು ಋತುವಿನುದ್ದಕ್ಕೂ ಮೈಗೆ ಬಳಿಯುವುದು ಎಂಥ ವೃತ್ತಿ ಎಂದು ಯೋಚಿಸಬೇಕು. ಕೋಲದ ನಡುವೆಯೇ ಕುಸಿದು ಪ್ರಾಣ ಬಿಟ್ಟವರ ಸುದ್ದಿಯನ್ನೂ ಓದಿದ್ದೇವೆ. ದುಡಿಮೆಯೋ ದೀಪಾವಳಿ ಕಳೆದ ಮೇಲಿಂದ ಪತ್ತನಾಜೆಯವರೆಗೆ ಮಾತ್ರ. ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲವಿಡೀ ಕೂಲಿಯೇ ಗತಿ. ರಾತ್ರಿ ಯಾರ ಮುಂದೆ ಗುತ್ತಿನ ಯಜಮಾನ ಕೈಮುಗಿದು ನಿಂತಿದ್ದನೋ, ಬೆಳಿಗ್ಗೆ ಆತ ಅದೇ ಮನೆಯ ಅಂಗಳದ ಹೊರಗೆ ನಿಲ್ಲಬೇಕಾದ ಕಾಲ ಪೂರ್ತಿ ಮುಗಿದಿಲ್ಲ. 'ಕಾಂತಾರ' ಚಿತ್ರ ಬಂದು ದೇಶವೆಲ್ಲ ದೈವದ ಮಾತಾಡಿದ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಬೈಕುಲ್ಲಾದಲ್ಲಿ ಆ ಮೊತ್ತ ಇಬ್ಬರು ಒಂದು ಸಂಜೆ ಹೊರಗೆ ಉಂಡರೆ ಖರ್ಚಾಗುತ್ತದೆ.

ಒಂಟಿ ಒಕ್ಕಲಿಗೆ ಇಲ್ಲಿ ಕೆಲಸ ಹೇರಳ. ಕಟ್ಟೆಗೆ ಕೊಡುವ ಹತ್ತು ಸಾವಿರವನ್ನು ತನ್ನ ಮನೆಯ ದೈವ ಕಟ್ಟುವವರ ಮಗಳ ನರ್ಸಿಂಗ್ ಫೀಸಿಗೆ ಕೊಡಬಹುದು. ಮಾಸಾಶನದ ಅರ್ಜಿಗೆ ಬೇಕಾದ ದಾಖಲೆ ಹೊಂದಿಸುವುದರಲ್ಲಿ ಕಚೇರಿ ಕೆಲಸ ಗೊತ್ತಿದ್ದವನು ಫೋನಿನಲ್ಲೇ ನೆರವಾಗಬಹುದು. ಜೆ. ಜೆ. ಆಸ್ಪತ್ರೆ ಬೈಕುಲ್ಲಾದ ಮಗ್ಗುಲಲ್ಲೇ ಇದೆ. ಊರಿನಿಂದ ಚಿಕಿತ್ಸೆಗೆ ಬಂದವರಿಗೆ ತಂಗಲು ಒಂದು ಚಾಪೆ, ಸಾಲಿನಲ್ಲಿ ನಿಂತು ಮರಾಠಿಯಲ್ಲಿ ಮಾತಾಡುವ ಒಂದು ಬಾಯಿ, ಇವೂ ಹರಕೆಯೇ. ಇನ್ನೊಂದು ಪುಕ್ಕಟೆಯ ಸೇವೆಯಿದೆ: ವೇದಿಕೆಯಲ್ಲೋ ಮೊಬೈಲಿನ ರೀಲಿನಲ್ಲೋ ದೈವದ ಆವೇಶವನ್ನು ಅಣಕಿಸಿ ಕುಣಿಯದಿರುವುದು. ಮುಂಬಯಿಯ ಪಾರ್ಟಿಗಳಲ್ಲಿ ಪಂಜುರ್ಲಿ ದೈವದ ಕೂಗು ಹಾಕಿ ಚಪ್ಪಾಳೆ ಗಿಟ್ಟಿಸುವ ಚಟ ತುಳುವರಿಗೇ ಹತ್ತಿದೆ, ಹೊರಗಿನವರನ್ನು ದೂರಿ ಫಲವಿಲ್ಲ.

ಪಾಡ್ದನದ ವಿಷಯಕ್ಕೆ ಬಂದರೆ ಒಬ್ಬನೇ ಮಾಡಬಹುದಾದದ್ದು ಎಷ್ಟು ದೊಡ್ಡದು ಎಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರ ಉದಾಹರಣೆ ಇದೆ. ಅವರು ಕೃಷಿಕ, ಸಿರಿ ಎಂಬ ತುಳು ದೈವದ ಆರಾಧನೆಯ ಮುಂದಾಳು. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಕೂಡಿ 1990ರ ಡಿಸೆಂಬರಿನಲ್ಲಿ ಅವರ ಬಾಯಿಂದ ಸಿರಿ ಕಾವ್ಯವನ್ನು ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಿಂದ ಅಚ್ಚಾದಾಗ ಅದು 15,683 ಸಾಲು. ಮುಖಪುಟದಲ್ಲಿ ಹಾಡಿದವರ ಹೆಸರು ಸೇರಿತ್ತು. ಭತ್ತದ ನೇಜಿ ನೆಡುವಾಗ ಹಾಡುತ್ತಿದ್ದ ಅಜ್ಜಿಯಂದಿರು ಇನ್ನೂ ಕೆಲವರು ಉಳಿದಿದ್ದಾರೆ, ಗದ್ದೆ ಹೋದ ಮೇಲೆ ಹಾಡಲು ಅವರಿಗೆ ನೆಪವಿಲ್ಲ. ರಜೆಗೆ ಹೋದವನು ಅಂಥ ಅಜ್ಜಿಯ ಪಕ್ಕ ಒಂದು ಮಧ್ಯಾಹ್ನ ಕೂತು, ಕೇಳಿ, ಅವಳು ಒಪ್ಪಿದರೆ ಮಾತ್ರ ಫೋನಿನಲ್ಲಿ ಹಿಡಿದುಕೊಳ್ಳಬೇಕು. ಕೋಲದ ಹೊತ್ತಿಗಷ್ಟೇ ಹೇಳತಕ್ಕದ್ದು ಎಂದು ಅವಳು ಬಿಟ್ಟ ಭಾಗವನ್ನು ಪೀಡಿಸಿ ಹೇಳಿಸಬಾರದು. ಕಡತಕ್ಕೆ ಹೆಸರಿಡುವಾಗ ಊರು, ಮನೆ, ತಾರೀಕು, ಯಾರಿಂದ ಕಲಿತಳು ಎಂಬುದನ್ನು ಬರೆಯಬೇಕು. ಬೈಕುಲ್ಲಾಕ್ಕೆ ಮರಳಿ ಬಿಡುವಿನ ರಾತ್ರಿಗಳಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆದಿಳಿಸಬಹುದು, ಅರ್ಥವಾಗದ ಶಬ್ದಕ್ಕೆ ಯು. ಪಿ. ಉಪಾಧ್ಯಾಯರು ಸಂಪಾದಿಸಿದ ತುಳು ನಿಘಂಟಿನ ಆರು ಸಂಪುಟಗಳಿವೆ. ಮೊದಲ ಪ್ರತಿ ಅಜ್ಜಿಯ ಮನೆಗೆ, ಎರಡನೆಯದು ಉಡುಪಿಯಲ್ಲೋ ಮಂಗಳೂರಿನಲ್ಲೋ ಜನಪದ ಸಂಗ್ರಹ ಇರುವ ಕಾಲೇಜಿಗೆ ಹೋಗಲಿ. ಯೂಟ್ಯೂಬಿಗೆ ಹಾಕುವುದೋ ಬಿಡುವುದೋ ಅಜ್ಜಿಯ ಮನೆಯವರು ತೀರ್ಮಾನಿಸುತ್ತಾರೆ.