ಗಡಿನಾಡಿನ ನಮ್ಮ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿದೆಯೇ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಪೂಜೆಯ ಬಳಿಕ, ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಕರೆದು ನಾವು ಶಾಲು ಹೊದಿಸುತ್ತೇವೆ. ಸ್ಮರಣಿಕೆ ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ.

ಕೆಲವು ತಿಂಗಳ ಹಿಂದೆ ಮನೆಭೇಟಿಗೆ ಹೋಗಿದ್ದಾಗ, ಹೀಗೆ ಶಾಲು ಹೊದಿಸಿಕೊಂಡಿದ್ದ ಒಬ್ಬ ಹುಡುಗಿಯ ಮನೆಗೂ ಹೋದೆವು. ತಾಯಿ ಬೀಡಿ ಕಟ್ಟುತ್ತಿದ್ದರು. ಮಗಳು ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. "ಪ್ಲಸ್ ಟುವಿನಲ್ಲಿ ಎರಡು ವಿಷಯ ಹೋಯಿತು ಫಾದರ್. ಇನ್ನು ಓದುವುದಿಲ್ಲ ಅಂತಾಳೆ" ಎಂದರು ತಾಯಿ. ಕಾರಣ ಕೇಳಿದೆವು. "ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ನನಗೆ ಎರಡೂ ಸರಿಯಾಗಿ ಅರ್ಥ ಆಗ್ತಿರಲಿಲ್ಲ. ಕೇಳಲು ನಾಚಿಕೆ ಆಗ್ತಿತ್ತು" ಎಂದಳು ಹುಡುಗಿ. ಹತ್ತನೆಯ ತರಗತಿಯಲ್ಲಿ ಬಹುತೇಕ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವಳು ಅವಳು. ಶಾಲು ಹೊದಿಸಿದ ಮೇಲಿನ ಎರಡು ವರ್ಷಗಳಲ್ಲಿ ನಾವು ಒಮ್ಮೆಯೂ ಅವಳ ಓದಿನ ಬಗ್ಗೆ ವಿಚಾರಿಸಿರಲಿಲ್ಲ.

ಹತ್ತರವರೆಗೆ ಒಂದು ಭಾಷೆ, ಆಮೇಲೆ ಇನ್ನೊಂದು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ಪರಿಣಾಮ ನಮ್ಮ ಮಕ್ಕಳ ಶಾಲಾಚೀಲದಲ್ಲಿದೆ. ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ಬೆಳೆಯುವುದು ಭಾಗ್ಯವೇ ಸರಿ. ಆದರೆ ನೆರವು ನೀಡುವವರಿಲ್ಲದಿದ್ದರೆ ಅದೇ ಹೊರೆಯಾಗುತ್ತದೆ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಅದು ಪ್ರಾಥಮಿಕ ಹಂತಕ್ಕೆ ಮಾತ್ರ. ಕನ್ನಡ ಮಾಧ್ಯಮದ ನಮ್ಮ ಶಾಲೆಗಳು ಹತ್ತರವರೆಗೆ ಮಗುವಿನ ಕೈಹಿಡಿದು ನಡೆಸುತ್ತವೆ. ಆ ಬಳಿಕ ಮಗು ಒಬ್ಬಂಟಿ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ವಲಸೆ ಕುಟುಂಬಗಳಿವೆ. ಅವರಲ್ಲಿ ಅನೇಕರು ಕಥೋಲಿಕರು. ಟೆಕ್ಸಾಸ್ ರಾಜ್ಯದ ಒಂದು ಮೊಕದ್ದಮೆಯಲ್ಲಿ, ದಾಖಲೆಪತ್ರಗಳಿಲ್ಲದ ಮಕ್ಕಳಿಗೂ ಸರಕಾರಿ ಶಾಲೆಯ ಬಾಗಿಲು ಮುಚ್ಚಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ನೀಡಿತು. ಆದರೆ ಆ ತೀರ್ಪು ಕಾಲೇಜಿಗೆ ಅನ್ವಯಿಸುವುದಿಲ್ಲ. ಅಲ್ಲಿಯೂ ಇಲ್ಲಿಯೂ ಕಾನೂನಿನ ನೆರವು ಶಾಲೆಯ ಹಂತದಲ್ಲೇ ನಿಂತಿದೆ. ಅಲ್ಲಿಂದ ಮುಂದೆ ಹಣವಿದ್ದವರು, ಮಾಹಿತಿಯಿದ್ದವರು ಹೋಗುತ್ತಾರೆ. ಉಳಿದವರು ಮನೆಗೆ ಮರಳುತ್ತಾರೆ.

ತಲಪಾಡಿ ದಾಟಿದರೂ ಕಷ್ಟ

"ಮಂಗಳೂರು ಹತ್ತಿರವಿದೆಯಲ್ಲ" ಎನ್ನುವವರಿದ್ದಾರೆ. ನಿಜ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್, 1921ರ ಸಂತ ಆಗ್ನೆಸ್ ಕಾಲೇಜುಗಳಲ್ಲಿ ನಮ್ಮ ಭಾಗದ ಅನೇಕರು ಓದಿದ್ದಾರೆ. ಆದರೆ ಕಾಸರಗೋಡಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ದಿನದ ಬಸ್ಸಿನ ಖರ್ಚು, ಇಲ್ಲವೇ ಹಾಸ್ಟೆಲ್ಲಿನ ಖರ್ಚು ಕೂಲಿ ಮಾಡುವ ಮನೆಗೆ ಸುಲಭವಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, 2021ರಲ್ಲಿ ಗಡಿ ದಾಟಲು ಆರ್‌ಟಿಪಿಸಿಆರ್ ವರದಿ ಕೇಳಿದ್ದು ನಮಗೆಲ್ಲ ನೆನಪಿದೆ. ಕಾಲೇಜು ಆಚೆಗೆ, ಮನೆ ಈಚೆಗೆ ಇದ್ದ ಮಕ್ಕಳು ಆಗ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇವೆ.

ಗಡಿ ದಾಟಿದರೆ ಕಾಗದಪತ್ರಗಳೂ ಬದಲಾಗುತ್ತವೆ. ಕೇರಳದಲ್ಲಿ ಲ್ಯಾಟಿನ್ ಕಥೋಲಿಕರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಕ್ರೈಸ್ತರು 3ಬಿ ಪ್ರವರ್ಗ. ಒಂದು ರಾಜ್ಯದ ಪ್ರಮಾಣಪತ್ರ ಇನ್ನೊಂದರಲ್ಲಿ ನಡೆಯುವುದಿಲ್ಲ. ಕರ್ನಾಟಕದ ವೃತ್ತಿಪರ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ಅವಕಾಶ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗಿದೆ. ಆದರೆ ಅದಕ್ಕೆ ಮಾತೃಭಾಷೆಯ ಷರತ್ತು ಇದೆ, ಕನ್ನಡ ಭಾಷಾ ಪರೀಕ್ಷೆಯೂ ಇದೆ. ಮನೆಯಲ್ಲಿ ಕೊಂಕಣಿ ಆಡುವ ನಾವು ಆ ಷರತ್ತನ್ನು ಮೊದಲೇ ಓದಿ ತಿಳಿದುಕೊಳ್ಳುವುದು ಒಳ್ಳೆಯದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅರ್ಜಿ ತುಂಬುವಾಗ ಇದು ತಿಳಿದಿರದಿದ್ದರೆ ಅವಕಾಶ ತಪ್ಪಿತೆಂದೇ ಲೆಕ್ಕ.

ಹತ್ತಿರದಲ್ಲೇ ಇರುವ ಅವಕಾಶ

ಜಿಲ್ಲೆಯಲ್ಲಿ ಏನೂ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಕಾಸರಗೋಡು ಸರಕಾರಿ ಕಾಲೇಜು 1957ರಲ್ಲೇ ಆರಂಭವಾಯಿತು. ಅಲ್ಲಿ ಕನ್ನಡದಲ್ಲಿ ಸ್ನಾತಕೋತ್ತರ ಪದವಿಯವರೆಗೂ ಓದಬಹುದು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು 1980ರಿಂದ ನಡೆಯುತ್ತಿದೆ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ಪೆರಿಯದಲ್ಲಿದೆ. ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಇಲ್ಲಿನ ಶುಲ್ಕ ಬಹಳ ಕಡಿಮೆ. ಆದರೂ ನಮ್ಮ ಎಷ್ಟೋ ಕುಟುಂಬಗಳು ಇವುಗಳ ಮೆಟ್ಟಿಲನ್ನೇ ಹತ್ತಿಲ್ಲ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಪ್ರತಿ ವಾರ್ಡಿನ ಗುರ್ಕಾರರು ಹತ್ತು ಮತ್ತು ಪ್ಲಸ್ ಟು ಮುಗಿಸಿದ ಮಕ್ಕಳ ಪಟ್ಟಿ ಮಾಡಲಿ. ಪಾಸಾದವರ ಪಟ್ಟಿಯಷ್ಟೇ ಸಾಲದು, ಓದು ಬಿಟ್ಟವರದ್ದೂ ಬೇಕು. ಎರಡನೆಯದಾಗಿ, ಎಪ್ರಿಲ್–ಮೇ ತಿಂಗಳಲ್ಲಿ ಚರ್ಚ್ ಸಭಾಭವನದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಮತ್ತು ಮಲಯಾಳ ತರಗತಿ ನಡೆಯಲಿ. ನಿವೃತ್ತ ಶಿಕ್ಷಕರು ನಮ್ಮಲ್ಲೇ ಇದ್ದಾರೆ. ಮೂರನೆಯದಾಗಿ, ಏಕಜಾಲಕ ಪ್ರವೇಶದ ಅರ್ಜಿ, ಗ್ರಾಮ ಕಚೇರಿಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಇವುಗಳಿಗಾಗಿ ಮಗುವಿನ ಜೊತೆ ಅಕ್ಷಯ ಕೇಂದ್ರಕ್ಕೆ ಹೋಗಿಬರಲು ಕಾಲೇಜು ಓದುತ್ತಿರುವ ಯುವಜನರು ಮುಂದಾಗಲಿ. ನಾಲ್ಕನೆಯದಾಗಿ, ಹಬ್ಬದ ಪಟಾಕಿ, ಅಲಂಕಾರದ ಖರ್ಚಿನಲ್ಲಿ ಒಂದು ಪಾಲು ಬಸ್ಸಿನ ಖರ್ಚಿಗೂ ಪುಸ್ತಕಕ್ಕೂ ಮೀಸಲಾಗಲಿ.

ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಹಕ್ಕು ನಮ್ಮದಾದರೆ ಹೊಣೆಯೂ ನಮ್ಮದೇ.

ಆ ಹುಡುಗಿ ಬರುವ ಮಾರ್ಚ್‌ನಲ್ಲಿ ಆ ಎರಡು ವಿಷಯಗಳನ್ನು ಮತ್ತೆ ಬರೆಯಲು ಒಪ್ಪಿದ್ದಾಳೆ. ನಮ್ಮ ಧರ್ಮಕೇಂದ್ರದ ಶಿಕ್ಷಕಿಯೊಬ್ಬರು ವಾರಕ್ಕೆ ಎರಡು ಸಂಜೆ ಅವಳಿಗೆ ಕನ್ನಡದಲ್ಲೇ ವಿವರಿಸಿ ಪಾಠ ಹೇಳುತ್ತಿದ್ದಾರೆ. ಪಾಸಾಗುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು. ಆದರೆ ಈ ಬಾರಿ ಅವಳು ಒಬ್ಬಂಟಿಯಲ್ಲ.

ಪ್ರಿಯರೇ, ಈ ವರ್ಷವೂ ಶಾಲು ಹೊದಿಸೋಣ. ಹೊದಿಸುವಾಗಲೇ "ಮುಂದೆ ಎಲ್ಲಿಗೆ ಸೇರುತ್ತಿ ಮಗು?" ಎಂದು ಕೇಳೋಣ. ಕ್ರಿಸ್ಮಸ್ ವೇಳೆಗೆ, "ಪಾಠ ಅರ್ಥ ಆಗುತ್ತಾ?" ಎಂದು ಅವರ ಮನೆಗೇ ಹೋಗಿ ಇನ್ನೊಮ್ಮೆ ಕೇಳೋಣ.