ಶಾಕ್: ಉಪವಾಸದ ಸುಸ್ತೆಂದು ಕಡೆಗಣಿಸಬೇಡಿ

ಶಾಕ್ ಎಂದರೆ ಕರೆಂಟ್ ಹೊಡೆಯುವುದು ಅಥವಾ ಕೆಟ್ಟ ಸುದ್ದಿ ಕೇಳಿ ದಂಗಾಗುವುದು ಎಂಬುದು ಸಾಮಾನ್ಯ ತಿಳುವಳಿಕೆ. ವೈದ್ಯರು ಹೇಳುವ ಶಾಕ್ ಬೇರೆ. ಮೆದುಳು, ಹೃದಯ, ಮೂತ್ರಪಿಂಡಗಳಿಗೆ ಬೇಕಾದಷ್ಟು ರಕ್ತ ತಲುಪದ ಸ್ಥಿತಿ ಅದು. ತಡವಾದರೆ ಅಂಗಗಳು ಒಂದೊಂದಾಗಿ ಸೋತು ಜೀವಕ್ಕೇ ಅಪಾಯ.

ಕಾರಣಗಳು

ಮುಖ್ಯ ಕಾರಣ ರಕ್ತ ಅಥವಾ ನೀರಿನಂಶದ ನಷ್ಟ. ವಾಮಂಜೂರಿನ ಮೂಲಕ ಮೂಡುಬಿದಿರೆ, ಕಾರ್ಕಳಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಬಸದಿ ದರ್ಶನಕ್ಕೆ ಹೋಗುವ ಜೈನ ಕುಟುಂಬಗಳು ಬಹಳ. ಅಪಘಾತವಾದಾಗ ಹೊರಗೆ ಗಾಯ ಕಾಣದಿದ್ದರೂ ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿರಬಹುದು. ವಾಂತಿಭೇದಿ, ಸುಟ್ಟಗಾಯಗಳಿಂದಲೂ ಶಾಕ್ ಆಗುತ್ತದೆ. ಹೃದಯಾಘಾತ, ರಕ್ತಕ್ಕೆ ಹರಡಿದ ಸೋಂಕು, ಕಣಜದ ಕಡಿತ ಅಥವಾ ಔಷಧದ ಅಲರ್ಜಿ, ಬೆನ್ನುಹುರಿಯ ಪೆಟ್ಟು ಇತರ ಕಾರಣಗಳು.

ಕರಾವಳಿಯಲ್ಲಿ ಡೆಂಗಿಯನ್ನೂ ಮರೆಯಬಾರದು. 2019ರ ಮಳೆಗಾಲದಲ್ಲಿ ಅದು ಮಂಗಳೂರಿನಲ್ಲಿ ವ್ಯಾಪಕವಾಗಿ ಹರಡಿತ್ತು. ಡೆಂಗಿಯಲ್ಲಿ ಶಾಕ್ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ಭಾದ್ರಪದದ ದಶಲಕ್ಷಣ ಪರ್ವವೂ ಮಳೆಗಾಲದಲ್ಲೇ ಬರುತ್ತದೆ. ಜ್ವರ ಬಿಟ್ಟಿತೆಂದು ಮರುದಿನವೇ ಉಪವಾಸ ಹಿಡಿಯುವುದು ಅಪಾಯಕಾರಿ.

ಲಕ್ಷಣಗಳು

• ಚರ್ಮ ತಣ್ಣಗಾಗಿ ಬೆವರುವುದು, ಮುಖ ಬಿಳಿಚುವುದು
• ನಾಡಿ ವೇಗವಾಗಿ, ಕ್ಷೀಣವಾಗಿ ಬಡಿಯುವುದು
• ಏದುಸಿರು, ಚಡಪಡಿಕೆ, ಮಾತಿನಲ್ಲಿ ಗೊಂದಲ
• ಮೂತ್ರ ಕಡಿಮೆಯಾಗುವುದು
• ಉಗುರು ಒತ್ತಿ ಬಿಟ್ಟಾಗ ಕೆಂಪು ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು

ಬಿ.ಪಿ. ಕೊನೆಗೆ ಕುಸಿಯಬಹುದು. ಬಿ.ಪಿ. ಸರಿಯಿದೆ ಎಂದು ಕಾಯಬಾರದು. ಸೋಂಕಿನ ಶಾಕ್‌ನಲ್ಲಿ ಮೊದಲು ಮೈ ಬಿಸಿಯಾಗಿಯೇ ಇರಬಹುದು.

ತಕ್ಷಣ ಮಾಡಬೇಕಾದದ್ದು

108ಕ್ಕೆ ಕರೆ ಮಾಡಿ. ರೋಗಿಯನ್ನು ಅಂಗಾತ ಮಲಗಿಸಿ, ಕಾಲು ಅಥವಾ ಬೆನ್ನಿಗೆ ಪೆಟ್ಟಾಗಿಲ್ಲದಿದ್ದರೆ ಕಾಲುಗಳನ್ನು ಒಂದು ಅಡಿ ಎತ್ತರಿಸಿ. ಎದೆನೋವು, ಉಸಿರಾಟದ ಕಷ್ಟವಿದ್ದರೆ ಒರಗಿಸಿ ಕೂರಿಸಿ. ರಕ್ತ ಸುರಿಯುವಲ್ಲಿ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕಂಬಳಿ ಹೊದಿಸಿ. ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ವಾಂತಿಯಾದರೆ ಪಕ್ಕಕ್ಕೆ ತಿರುಗಿಸಿ.

ಆಸ್ಪತ್ರೆಯಲ್ಲಿ ಚಿಕಿತ್ಸೆ

ಆಮ್ಲಜನಕ ಕೊಟ್ಟು, ಕಾರಣಕ್ಕೆ ತಕ್ಕಂತೆ ಚಿಕಿತ್ಸೆ ನಡೆಯುತ್ತದೆ. ನೀರಿನಂಶ ಹೋಗಿದ್ದರೆ ಸಲೈನ್, ರಕ್ತ ಹೋಗಿದ್ದರೆ ರಕ್ತ, ಸೋಂಕಿಗೆ ಆ್ಯಂಟಿಬಯಾಟಿಕ್, ತೀವ್ರ ಅಲರ್ಜಿಗೆ ಅಡ್ರಿನಲಿನ್ ಚುಚ್ಚುಮದ್ದು. ಹೃದಯದ ಶಾಕ್‌ನಲ್ಲಿ ಹೆಚ್ಚು ಸಲೈನ್ ಕೊಟ್ಟರೆ ತೊಂದರೆ. ಆದ್ದರಿಂದ ಮನೆಯಲ್ಲೇ ಬಾಟಲಿ ಏರಿಸುವುದು ಸರಿಯಲ್ಲ. ವಾಮಂಜೂರಿನವರಿಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದೆ.

ವ್ರತಧಾರಿಗಳ ಮನೆಯವರಿಗೆ

ಉಪವಾಸದ ಸುಸ್ತು ವಿಶ್ರಾಂತಿಯಿಂದ ಸ್ವಲ್ಪ ಸುಧಾರಿಸುತ್ತದೆ. ಶಾಕ್ ಗಳಿಗೆಯಿಂದ ಗಳಿಗೆಗೆ ಏರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರು ವ್ರತಕ್ಕೆ ಮೊದಲೇ ವೈದ್ಯರೊಂದಿಗೆ ಮಾತ್ರೆಗಳ ಬಗ್ಗೆ, ಗುರುಗಳೊಂದಿಗೆ ನಿಯಮದ ಮಿತಿಯ ಬಗ್ಗೆ ಮಾತನಾಡಿಕೊಳ್ಳಲಿ. ಆಸ್ಪತ್ರೆಯಲ್ಲಿ ಎಷ್ಟು ದಿನದ ಉಪವಾಸ, ನೀರು ಸೇವಿಸಿದ್ದರೇ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ಯಥಾಶಕ್ತಿ ತಪಸ್ಸು ಎಂದೇ ಧರ್ಮ ಹೇಳುತ್ತದೆ. ಶಕ್ತಿಯನ್ನು ಅರಿತು ನಡೆಯುವುದೂ ವ್ರತದ ಭಾಗವೇ.